ಹೊಟ್ಟೆ ಸರಿಯಿಲ್ಲ, ಏನು ತಗೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ವರ್ಷಗಟ್ಟಲೆ ಹೊಟ್ಟೆಯ ಜೊತೆ ಗುದ್ದಾಡಿರುವ ಪೇಷೆಂಟ್, ಅಷ್ಟೇ. ಒಂದು ಕಾಲದಲ್ಲಿ ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂಬತ್ತು ಡಬ್ಬಿಗಳಿದ್ದವು. ಎರಡು ಬಗೆಯ ಪ್ರೋಬಯಾಟಿಕ್ (ಜೀವಂತ ಒಳ್ಳೆಯ ಜೀವಾಣುಗಳ ಮಾತ್ರೆ), ಜೀರ್ಣಕ್ಕೆ ಅಂತ ಎನ್ಜೈಮ್, ಅಸಿಡಿಟಿ ಮಾತ್ರೆ, ಹೆಸರೇ ಮರೆತುಹೋಗಿರುವ ಒಂದು ಹಸಿರು ಪುಡಿ, ಹೀಗೆ. ಬೆಳಿಗ್ಗೆ ಐದು, ರಾತ್ರಿ ನಾಲ್ಕು ನುಂಗುತ್ತಿದ್ದೆ. ಹೊಟ್ಟೆ ಮಾತ್ರ ಇದ್ದ ಹಾಗೇ ಇತ್ತು. ಅದರಲ್ಲಿ ಯಾವುದು ಕೆಲಸ ಮಾಡ್ತಿದೆ, ಯಾವುದು ಕೆಡಿಸ್ತಿದೆ ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಆಮೇಲೆ ಓದಿ, ಕೇಳಿ, ನನ್ನ ಮೇಲೇ ಪ್ರಯೋಗ ಮಾಡಿಕೊಂಡು ಕಲಿತದ್ದು ಇಲ್ಲಿದೆ.

ಹೊಟ್ಟೆಗೆ ಯಾವ ಸಪ್ಲಿಮೆಂಟ್ ಬೆಸ್ಟ್?

ಈ ಪ್ರಶ್ನೆಗೆ ಉತ್ತರ ಇಲ್ಲ. "ಹೊಟ್ಟೆ ಸರಿಯಿಲ್ಲ" ಅನ್ನೋದು ಒಂದೇ ಕಾಯಿಲೆ ಅಲ್ಲ. ಎದೆಯುರಿ ಮತ್ತು ಹುಳಿ ತೇಗು ಬೇರೆ, ಊಟ ಆದಮೇಲೆ ಹೊಟ್ಟೆ ಉಬ್ಬೋದು ಬೇರೆ, ಮಲಬದ್ಧತೆ ಬೇರೆ, ದಿನಕ್ಕೆ ನಾಲ್ಕು ಸಲ ಟಾಯ್ಲೆಟ್‌ಗೆ ಓಡೋದು ಬೇರೆ. ಒಂದಕ್ಕೆ ಒಳ್ಳೆಯದಾಗುವುದು ಇನ್ನೊಂದನ್ನು ಕೆಡಿಸಬಹುದು. ಪುದೀನ ಎಣ್ಣೆಯ ಕ್ಯಾಪ್ಸೂಲ್ ಕೆಳಹೊಟ್ಟೆ ನೋವಿಗೆ ಒಳ್ಳೆಯದು, ಆದರೆ ಎದೆಯುರಿ ಇರುವವರಿಗೆ ಉರಿ ಜಾಸ್ತಿ ಮಾಡುತ್ತದೆ. ಮೆಗ್ನೀಸಿಯಮ್ ಮಲಬದ್ಧತೆಗೆ ಸಹಾಯ ಮಾಡುತ್ತದೆ, ಲೂಸ್ ಮೋಷನ್ ಇರುವವರು ತಗೊಂಡರೆ ಕಥೆ ಮುಗಿಯಿತು. ಹಾಗಾಗಿ ನಿಮ್ಮ ತೊಂದರೆ ಯಾವುದು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಬರೆಯೋಕೆ ಆಗದಿದ್ದರೆ ಅಂಗಡಿಗೆ ಹೋಗಬೇಡಿ.

ಡಾಕ್ಟರ್ ಹತ್ತಿರ ಹೋಗಲೇಬೇಕಾ? ಸುಮ್ನೆ ಗ್ಯಾಸ್ ಅಷ್ಟೇ ಅಲ್ವಾ?

ಕೆಲವು ಲಕ್ಷಣ ಇದ್ದರೆ ಈ ಪುಟವನ್ನು ಇಲ್ಲಿಗೇ ಮುಚ್ಚಿ ಹೋಗಿ. ಮಲದಲ್ಲಿ ರಕ್ತ, ಟಾರಿನ ಹಾಗೆ ಕಪ್ಪಗಿರುವ ಮಲ, ಪ್ರಯತ್ನ ಮಾಡದೆ ತೂಕ ಇಳಿಯೋದು, ನುಂಗುವಾಗ ಅನ್ನನಾಳದಲ್ಲಿ ಸಿಕ್ಕಿಕೊಂಡ ಹಾಗಾಗೋದು, ನೋವು ಅಥವಾ ಭೇದಿಯಿಂದ ರಾತ್ರಿ ನಿದ್ದೆಯಿಂದ ಎದ್ದೇಳೋದು, ಬಿಡದ ಜ್ವರ, ಕಣ್ಣು ಹಳದಿಯಾಗೋದು, ರಕ್ತಹೀನತೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದರೆ, ಅಥವಾ ನಿಮಗೆ 45–50 ದಾಟಿದ ಮೇಲೆ ಇದೆಲ್ಲ ಹೊಸದಾಗಿ ಶುರುವಾಗಿದ್ದರೆ, ಆಗಲೂ ಅಷ್ಟೇ.

ಇವು ಯಾವುದೂ ಇಲ್ಲ, ಆದರೆ ತಿಂಗಳುಗಟ್ಟಲೆಯಿಂದ ಕಾಡುತ್ತಿದೆ ಅಂದರೂ ಒಂದು ಸಲ ತೋರಿಸಿ. ಕೇಳಬೇಕಾದ ಟೆಸ್ಟ್‌ಗಳು ಭಾರಿ ಏನಲ್ಲ. ಸಾಮಾನ್ಯ ರಕ್ತ ಪರೀಕ್ಷೆ, ಥೈರಾಯ್ಡ್, ಸೀಲಿಯಾಕ್ ಕಾಯಿಲೆಗೆ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಒಂದು ರಕ್ತ ಪರೀಕ್ಷೆ, ಭೇದಿ ಇದ್ದರೆ ಕರುಳಿನ ಉರಿಯೂತ ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಮಲ ಪರೀಕ್ಷೆ, ಹೊಟ್ಟೆಯ ಮೇಲ್ಭಾಗದ ತೊಂದರೆ ಇದ್ದರೆ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾದ ಪರೀಕ್ಷೆ. ಈ ಎಚ್. ಪೈಲೋರಿ ಕಥೆ ಮಜವಾಗಿದೆ. ಅಲ್ಸರ್‌ಗೆ ಟೆನ್ಷನ್ನೇ ಕಾರಣ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್, ಕಾರಣ ಈ ಬ್ಯಾಕ್ಟೀರಿಯಾ ಅಂತ ತೋರಿಸೋಕೆ, ಅದನ್ನು ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಅವರಿಗೂ ಅವರ ಜೊತೆಗಾರ ರಾಬಿನ್ ವಾರನ್‌ಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಇದ್ದರೆ ಬೇಕಾದದ್ದು ಆ್ಯಂಟಿಬಯಾಟಿಕ್ ಕೋರ್ಸ್. ಯಾವ ಹಸಿರು ಪುಡಿಯಿಂದಲೂ ಅದು ಹೋಗಲ್ಲ.

ಎಲ್ಲ ರಿಪೋರ್ಟ್ ನಾರ್ಮಲ್ ಬಂತು. ಹಾಗಾದರೆ ನನಗೆ ಏನೂ ಆಗಿಲ್ವಾ?

ಆಗಿದೆ. ರಿಪೋರ್ಟ್‌ನಲ್ಲಿ ಕಾಣದ ತೊಂದರೆಗಳೂ ಇವೆ. ಅದರಲ್ಲಿ ದೊಡ್ಡದು ಐಬಿಎಸ್, ಅಂದರೆ ಕೆರಳುವ ಕರುಳಿನ ತೊಂದರೆ. ಕರುಳು ನೋಡೋಕೆ ಸರಿಯಾಗೇ ಇರುತ್ತದೆ, ನಡೆದುಕೊಳ್ಳುವ ರೀತಿ ಸರಿಯಿರಲ್ಲ. ಅದರ ನರಗಳು ಸಣ್ಣ ಗ್ಯಾಸಿಗೂ ದೊಡ್ಡ ನೋವಿನ ಸುದ್ದಿ ಕಳಿಸುತ್ತವೆ. 2016ರ ರೋಮ್ 4 ಅನ್ನುವ ಮಾನದಂಡದ ಪ್ರಕಾರ, ಕಳೆದ 3 ತಿಂಗಳಲ್ಲಿ ವಾರಕ್ಕೆ ಕನಿಷ್ಠ 1 ದಿನವಾದರೂ ಹೊಟ್ಟೆನೋವು ಇರಬೇಕು, ಅದರ ಜೊತೆಗೆ ಮಲವಿಸರ್ಜನೆಗೆ ಸಂಬಂಧ, ಎಷ್ಟು ಸಲ ಅನ್ನುವುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡಾದರೂ ಇರಬೇಕು. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ನಿಮ್ಮ ಡಾಕ್ಟರ್ "ಏನಿಲ್ಲ ಬಿಡಿ" ಅಂದರೆ, ಐಬಿಎಸ್ ಇರಬಹುದಾ ಅಂತ ನೇರವಾಗಿ ಕೇಳಿ. ಹೆಸರು ಸಿಕ್ಕರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ, ನನಗಂತೂ ಆಯಿತು.

ಡೈರಿ ಬರೀಬೇಕು ಅಂತಾರೆ. ಏನು ಬರೀಲಿ?

ಏನು ತಿಂದಿರಿ, ಎಷ್ಟು ಗಂಟೆಗೆ, ಯಾವ ಮಾತ್ರೆ, ಯಾವಾಗ ತೊಂದರೆ ಆಯಿತು, ಮೋಷನ್ ಹೇಗಿತ್ತು. ಮೋಷನ್ ವರ್ಣನೆ ಬರೆಯೋಕೆ ಮುಜುಗರ ಆದರೆ ಬ್ರಿಸ್ಟಲ್ ಚಾರ್ಟ್ ಬಳಸಿ, 1ರಿಂದ 7ರವರೆಗೆ ನಂಬರ್ ಅಷ್ಟೇ. 1 ಅಂದರೆ ಗಟ್ಟಿ ಉಂಡೆ ಉಂಡೆ, 7 ಅಂದರೆ ಬರೀ ನೀರು, 3 ಮತ್ತು 4 ಸರಿಯಾದದ್ದು. ಎರಡು ವಾರ ಸಾಕು.

ನನ್ನದೇ ಹೇಳುತ್ತೇನೆ. ಡೈರಿ ನೋಡಿದರೆ ಸೋಮವಾರದಿಂದ ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಹೊಟ್ಟೆ ಬಲೂನು, ಶನಿವಾರ ಭಾನುವಾರ ಏನೂ ಇಲ್ಲ. ಆಫೀಸಿನ ಟೆನ್ಷನ್ ಅಂತ ನಾನೇ ತೀರ್ಮಾನ ಮಾಡಿದ್ದೆ, ಡಾಕ್ಟರ್ ಕೂಡ ತಲೆ ಆಡಿಸಿದ್ದರು. ಮೂರನೇ ವಾರ, ಬಾಯಿಗೆ ಹಾಕಿದ್ದನ್ನೆಲ್ಲ ಬರೆಯೋಣ ಅಂತ ಶುರು ಮಾಡಿದಾಗ ಸಿಕ್ಕಿಬಿತ್ತು. ಆಫೀಸಿನ ಮೇಜಿನ ಮೇಲೆ ಶುಗರ್ ಫ್ರೀ ಚ್ಯೂಯಿಂಗ್ ಗಮ್ ಡಬ್ಬಿ ಇರುತ್ತಿತ್ತು. ಊಟ ಆದಮೇಲೆ ಆರೇಳು ಜಗಿಯುತ್ತಿದ್ದೆ. ಅದರಲ್ಲಿ ಸಕ್ಕರೆ ಬದಲಿಗೆ ಹಾಕುವ ಸಾರ್ಬಿಟಾಲ್ ಅನ್ನುವ ಸಿಹಿ ಸಣ್ಣಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ದೊಡ್ಡಕರುಳಿಗೆ ಇಳಿಯುತ್ತದೆ, ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಮಗೆ ಗ್ಯಾಸ್. ಜಗಿಯುವಾಗ ನುಂಗುವ ಗಾಳಿ ಬೇರೆ. ಗಮ್ ಬಿಟ್ಟೆ, ನಾಲ್ಕು ಗಂಟೆಯ ಬಲೂನು ಮುಕ್ಕಾಲು ಪಾಲು ಹೋಯಿತು. ಒಂಬತ್ತು ಡಬ್ಬಿಗೆ ಸುರಿದ ದುಡ್ಡು ನೆನಪಾಗಿ ಆ ದಿನ ಊಟ ಸೇರಲಿಲ್ಲ, ಅದು ಬೇರೆ ವಿಷಯ.

ಫೈಬರ್ ತಿನ್ನಿ ಅಂತಾರೆ, ತಿಂದರೆ ಇನ್ನೂ ಉಬ್ಬುತ್ತೆ. ಏನಿದು?

ಎರಡು ತಪ್ಪು ನಡೆದಿರಬಹುದು: ತಪ್ಪು ಫೈಬರ್, ಅಥವಾ ತಪ್ಪು ವೇಗ.

ಫೈಬರ್ ಅಂದರೆ ನಾರು. ಅದರಲ್ಲಿ ನೀರಿನಲ್ಲಿ ಕರಗುವುದೂ ಇದೆ, ಕರಗದೆ ಇರುವುದೂ ಇದೆ. ಗೋಧಿ ತೌಡು ಕರಗದ ಜಾತಿ, ಐಬಿಎಸ್ ಇರುವವರಿಗೆ ಅದು ಉಬ್ಬರ ಜಾಸ್ತಿ ಮಾಡುವುದೇ ಹೆಚ್ಚು. ಇನುಲಿನ್ ಕರಗುತ್ತದೆ, ಆದರೆ ಬ್ಯಾಕ್ಟೀರಿಯಾಗಳು ಅದನ್ನು ಬೇಗ ಹುಳಿಸಿ ಗ್ಯಾಸ್ ಮಾಡುತ್ತವೆ. ಪ್ರೋಟೀನ್ ಬಾರ್, ಗಮ್ಮಿ, ಕೆಲವು ಪ್ರೋಬಯಾಟಿಕ್ ಪುಡಿಗಳಲ್ಲೂ ಅದನ್ನು ಸೇರಿಸಿರುತ್ತಾರೆ, ಡಬ್ಬಿಯ ಹಿಂದೆ ಚಿಕೋರಿ ಬೇರಿನ ನಾರು ಅಂತಲೂ ಬರೆದಿರುತ್ತದೆ. ಹೊಟ್ಟೆ ಉಬ್ಬರಕ್ಕೆ ಅಂತ ತಗೊಂಡ ಪುಡಿಯಲ್ಲೇ ಉಬ್ಬರದ ಕಾರಣ ಕೂತಿರುತ್ತದೆ.

ಇಸಬ್ಗೋಲ್ ಮಾತ್ರ ಬೇರೆ. ಅದು ಕರಗುತ್ತದೆ, ನೀರು ಹೀರಿ ಲೋಳೆಯಾಗುತ್ತದೆ, ಆದರೆ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚು ಹುಳಿಸಲ್ಲ. ಗಟ್ಟಿ ಮಲವನ್ನು ಮೆತ್ತಗೆ ಮಾಡುತ್ತದೆ, ನೀರಾದ ಮಲವನ್ನು ಹಿಡಿದುಕೊಳ್ಳುತ್ತದೆ. ಎರಡೂ ಕಡೆ ಕೆಲಸ ಮಾಡುವ ವಸ್ತು ಇಷ್ಟು ಸುಲಭವಾಗಿ ಸಿಗೋದು ಅಪರೂಪ. ಐಬಿಎಸ್‌ಗೆ ಕರಗುವ ಫೈಬರ್ ಕೊಡಿ ಅಂತ ಅಮೆರಿಕದ ಗ್ಯಾಸ್ಟ್ರೋ ಡಾಕ್ಟರ್‌ಗಳ ಸಂಘದ 2021ರ ಮಾರ್ಗಸೂಚಿ ಗಟ್ಟಿಯಾಗಿಯೇ ಹೇಳಿದೆ.

ತಗೊಳ್ಳುವ ರೀತಿ ಮುಖ್ಯ. ದಿನಕ್ಕೆ 3–4 ಗ್ರಾಂನಿಂದ ಶುರು ಮಾಡಿ. ವಾರಕ್ಕೊಮ್ಮೆ ಸ್ವಲ್ಪ ಏರಿಸಿ, 10 ಗ್ರಾಂ ಹತ್ತಿರ ಹೋಗಿ ನಿಲ್ಲಿಸಿ. ತುಂಬಿದ ಲೋಟ ನೀರಿನಲ್ಲಿ ಕಲಸಿದ ತಕ್ಷಣ ಕುಡಿಯಬೇಕು. ಎರಡು ನಿಮಿಷ ಫೋನ್ ನೋಡುತ್ತಾ ಕೂತರೆ ಲೋಟದಲ್ಲಿರೋದು ಕುಡಿಯುವ ವಸ್ತು ಅಲ್ಲ, ಚಮಚದಲ್ಲಿ ತಿನ್ನುವ ಅಂಟು. ಪುಡಿಯನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳಲೇಬೇಡಿ, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗೋಕೆ ಮೊದಲೇ ಕಷ್ಟ ಇರುವವರು, ಕರುಳು ಕಿರಿದಾಗಿರುವವರು ತಗೊಳ್ಳಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ಮೊದಲ ವಾರ ಸ್ವಲ್ಪ ಗ್ಯಾಸ್ ಆಗುತ್ತದೆ, ಗಾಬರಿ ಬೇಡ.

ಪ್ರೋಬಯಾಟಿಕ್ ತಗೊಂಡರೆ ಹೊಟ್ಟೆಯ ಬ್ಯಾಕ್ಟೀರಿಯಾ ಸರಿಹೋಗುತ್ತಾ?

ಡಬ್ಬಿಯ ಮೇಲೆ ಬರೆದಿರುವಷ್ಟು ಸಲೀಸಲ್ಲ. ಗ್ಯಾಸ್ಟ್ರೋ ಡಾಕ್ಟರ್‌ಗಳ ದೊಡ್ಡ ಸಂಘಗಳೇ ಒಂದು ಮಾತಿಗೆ ಬಂದಿಲ್ಲ. ಅಮೆರಿಕದ ಒಂದು ಸಂಘ 2020ರಲ್ಲಿ, ಐಬಿಎಸ್‌ಗೆ ಪ್ರೋಬಯಾಟಿಕ್ಕನ್ನು ಸಂಶೋಧನೆಯ ಹೊರಗೆ ಕೊಡಬೇಡಿ ಅಂದಿತು. ಬ್ರಿಟನ್ನಿನ ಸಂಘ 2021ರಲ್ಲಿ, ಬೇಕಾದರೆ 12 ವಾರದವರೆಗೆ ನೋಡಿ, ಗುಣ ಕಾಣದಿದ್ದರೆ ನಿಲ್ಲಿಸಿ ಅಂದಿತು. ನನಗೆ ಬ್ರಿಟನ್ನಿನ ಮಾತು ಪ್ರಾಯೋಗಿಕ ಅನ್ನಿಸುತ್ತದೆ, ದುಡ್ಡು ನಿಮ್ಮದೇ ಆದ್ದರಿಂದ ಆ 12 ವಾರವನ್ನು ನಾನು 4–6 ವಾರಕ್ಕೆ ಇಳಿಸುತ್ತೇನೆ.

ಇಲ್ಲಿ ತಿಳಿಯಬೇಕಾದದ್ದು ತಳಿಯ ಹೆಸರು. "ಲ್ಯಾಕ್ಟೋಬ್ಯಾಸಿಲಸ್" ಅಂತ ಮಾತ್ರ ಬರೆದಿದ್ದರೆ ಏನೂ ಹೇಳಿದ ಹಾಗಾಗಲಿಲ್ಲ. ಅದು "ನಾಯಿ" ಅಂದ ಹಾಗೆ, ಮನೆ ಕಾಯುವುದೋ ಮಡಿಲಲ್ಲಿ ಮಲಗುವುದೋ ಯಾರಿಗೆ ಗೊತ್ತು. ಕೊನೆಯಲ್ಲಿ ಅಕ್ಷರ, ನಂಬರ್ ಇರುವ ಪೂರ್ತಿ ಹೆಸರು ಇರಬೇಕು, ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಅನ್ನೋ ಹಾಗೆ. ಒಂದು ತಳಿಯ ಅಧ್ಯಯನ ಇನ್ನೊಂದಕ್ಕೆ ಅನ್ವಯಿಸಲ್ಲ. 50 ಬಿಲಿಯನ್ ಸಿಎಫ್‌ಯು (ಜೀವಂತ ಜೀವಾಣುಗಳ ಲೆಕ್ಕ) ಅಂದರೆ 10 ಬಿಲಿಯನ್‌ಗಿಂತ ಐದು ಪಟ್ಟು ಒಳ್ಳೆಯದು ಅಂತಲೂ ಅಲ್ಲ. ಎಕ್ಸ್‌ಪೈರಿ ದಿನಾಂಕದವರೆಗೆ ಅಷ್ಟು ಜೀವಂತ ಇರುತ್ತವೆಯೋ, ತಯಾರಿಸಿದ ದಿನ ಮಾತ್ರವೋ ಅಂತ ನೋಡಿ.

ಆ್ಯಂಟಿಬಯಾಟಿಕ್ ತಗೊಂಡಾಗ ಆಗುವ ಭೇದಿ ತಡೆಯೋಕೆ ಸ್ಯಾಕರೋಮೈಸಿಸ್ ಬೊಲಾರ್ಡಿ ಎಂಬ ಯೀಸ್ಟ್‌ನಂಥ ಕೆಲವಕ್ಕೆ ಆಧಾರ ಇದೆ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರು, ಕೀಮೋಥೆರಪಿಯಲ್ಲಿರುವವರು ಕೇಳದೆ ತಗೊಳ್ಳಬಾರದು. ಇವು ಜೀವಂತ ಜೀವಾಣುಗಳು, ರಕ್ತಕ್ಕೆ ಇಳಿದರೆ ಸೋಂಕು.

ಪುದೀನ ಎಣ್ಣೆ ನಿಜವಾಗಲೂ ಕೆಲಸ ಮಾಡುತ್ತಾ?

ಹೊಟ್ಟೆ ಹಿಂಡುವ ನೋವಿಗೆ, ಹೌದು, ತುಂಬಾ ಜನಕ್ಕೆ. ಅದರಲ್ಲಿರುವ ಮೆಂಥಾಲ್ ಕರುಳಿನ ಸ್ನಾಯುವನ್ನು ಸಡಿಲ ಮಾಡುತ್ತದೆ. ಆದರೆ ಬೇಕಾದದ್ದು ಎಂಟರಿಕ್ ಕೋಟಿಂಗ್ ಇರುವ ಕ್ಯಾಪ್ಸೂಲ್. ಆ ಲೇಪ ಜಠರದ ಆಮ್ಲದಲ್ಲಿ ಕರಗದೆ ಕರುಳಿಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಒಡೆದು, ಜಗಿದು ತಗೊಂಡರೆ ಅನ್ನನಾಳದ ಕೆಳಗಿನ ಬಾಗಿಲು ಸಡಿಲವಾಗಿ ಎದೆ ಉರಿಯುತ್ತದೆ. ಆ್ಯಂಟಾಸಿಡ್ ಜೊತೆಗೇ ನುಂಗಿದರೂ ಲೇಪ ಬೇಗ ಕರಗಿಬಿಡುತ್ತದೆ. ಪುದೀನ ಟೀ ಹಿತವಾಗಿರುತ್ತದೆ, ಆದರೆ ಅದು ಈ ಕ್ಯಾಪ್ಸೂಲ್‌ಗೆ ಬದಲಿ ಅಲ್ಲ.

ಜೀರ್ಣಕ್ಕೆ ಎನ್ಜೈಮ್ ಮಾತ್ರೆ?

ಹಾಲು ಆಗದವರಿಗೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕೆಲಸ ಮಾಡುತ್ತದೆ, ಹಾಲು ಕುಡಿಯುವ ಹೊತ್ತಿಗೇ ತಗೊಳ್ಳಬೇಕು. ಕಾಳುಗಳಿಂದ ಆಗುವ ಗ್ಯಾಸಿಗೆ ಆಲ್ಫಾ ಗ್ಯಾಲಕ್ಟೋಸಿಡೇಸ್ ಸ್ವಲ್ಪ ಸಹಾಯ. ಮೇದೋಜೀರಕ ಗ್ರಂಥಿ ನಿಜವಾಗಿ ಕೈಕೊಟ್ಟಿದ್ದರೆ ಡಾಕ್ಟರ್ ಬರೆದುಕೊಡುವ ಎನ್ಜೈಮ್ ಬೇಕೇ ಬೇಕು. ಹದಿನೈದು ಎನ್ಜೈಮ್ ಒಂದೇ ಮಾತ್ರೆಯಲ್ಲಿ ಅನ್ನುವವೆಲ್ಲ ನನ್ನ ಲೆಕ್ಕದಲ್ಲಿ ದಂಡ.

ಹಾಲು ಬಿಡಲಾ? ಗೋಧಿ ಬಿಡಲಾ? ಈರುಳ್ಳಿ ಬಿಡಲಾ?

ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಜಗತ್ತಿನ ಸುಮಾರು ಮೂರರಲ್ಲಿ ಎರಡು ಪಾಲು ದೊಡ್ಡವರಿಗೆ ಲ್ಯಾಕ್ಟೋಸ್ ಪೂರ್ತಿ ಜೀರ್ಣ ಆಗಲ್ಲ, ಆದರೂ ಹೆಚ್ಚಿನವರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಹೆಚ್ಚುಕಡಿಮೆ ಒಂದು ಲೋಟ ಹಾಲು, ತಡೆದುಕೊಳ್ಳುತ್ತಾರೆ. ಎರಡು ವಾರ ಬಿಟ್ಟು ನೋಡಿ, ಮತ್ತೆ ಶುರು ಮಾಡಿ ನೋಡಿ, ಗೊತ್ತಾಗುತ್ತದೆ.

ಗೋಧಿ ವಿಷಯದಲ್ಲಿ ಒಂದು ಎಚ್ಚರ. ಸೀಲಿಯಾಕ್ ಟೆಸ್ಟ್ ಮಾಡಿಸದೆ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿನ ಆ್ಯಂಟಿಬಾಡಿ ಇಳಿದು ಟೆಸ್ಟ್ ನಾರ್ಮಲ್ ಬರಬಹುದು, ಕಾಯಿಲೆ ಇದ್ದರೂ ಗೊತ್ತಾಗಲ್ಲ. ಸುಮಾರು 100ರಲ್ಲಿ ಒಬ್ಬರಿಗೆ ಸೀಲಿಯಾಕ್ ಇರುತ್ತದೆ, ಅವರಿಗೆ ಜೀವನಪೂರ್ತಿ ಪಥ್ಯ.

ಐಬಿಎಸ್‌ಗೆ ಆಧಾರ ಚೆನ್ನಾಗಿರುವ ಪಥ್ಯ ಅಂದರೆ ಲೋ ಫಾಡ್‌ಮ್ಯಾಪ್, ಅಂದರೆ ಸಣ್ಣಕರುಳಿನಲ್ಲಿ ಸರಿಯಾಗಿ ಹೀರದೆ ಹುಳಿಯುವ ಸಕ್ಕರೆ ಜಾತಿಗಳನ್ನು ಕಡಿಮೆ ಮಾಡೋದು, ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ ಬೆಳೆಸಿದ್ದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳು, ಸೇಬು, ಹಾಲು, ಸಾರ್ಬಿಟಾಲ್ ಜಾತಿಯ ಸಿಹಿ, ಇವನ್ನು 2ರಿಂದ 6 ವಾರ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ತರಬೇಕು. ಹೆಚ್ಚಿನವರು ಮೊದಲ ಅರ್ಧ ಮಾತ್ರ ಮಾಡಿ ಅಲ್ಲೇ ನಿಂತುಬಿಡುತ್ತಾರೆ. ವರ್ಷಗಟ್ಟಲೆ ಹಾಗೇ ಇದ್ದರೆ ಪೋಷಕಾಂಶವೂ ಕಡಿಮೆ, ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವೂ ಕಡಿಮೆ. ಮೊದಲೇ ಸಣಕಲು ಇರುವವರು, ಊಟದ ಬಗ್ಗೆ ಭಯ ಇರುವವರು ಡಯಟೀಷಿಯನ್ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ಒಂದು ಟೆಸ್ಟ್‌ನಲ್ಲಿ ನನಗೆ 40 ಆಹಾರ ಆಗಲ್ಲ ಅಂತ ಬಂದಿದೆ.

ರಕ್ತದಲ್ಲಿ ಐಜಿಜಿ ಅನ್ನುವ ಆ್ಯಂಟಿಬಾಡಿ ನೋಡುವ ಟೆಸ್ಟ್ ಆಗಿದ್ದರೆ ಆ ಪಟ್ಟಿ ಪಕ್ಕಕ್ಕಿಡಿ. ನೀವು ಜಾಸ್ತಿ ತಿನ್ನುವ ಆಹಾರಕ್ಕೆ ಐಜಿಜಿ ಇರೋದು ಮಾಮೂಲು. ಅಲರ್ಜಿ ತಜ್ಞರ ಸಂಘಗಳು ಇದನ್ನು ಬೇಡ ಅಂತಲೇ ಹೇಳುತ್ತವೆ.

ಅಸಿಡಿಟಿ ಮಾತ್ರೆ ವರ್ಷಗಳಿಂದ ತಗೊಳ್ತಿದ್ದೇನೆ. ನಿಲ್ಲಿಸಲಾ?

ಒಮ್ಮೆಲೇ ನಿಲ್ಲಿಸಬೇಡಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳನ್ನು ಬಹಳ ಕಾಲದ ನಂತರ ತಟ್ಟನೆ ಬಿಟ್ಟರೆ ಆಮ್ಲ ಕೆಲವು ವಾರ ಮೊದಲಿಗಿಂತ ಜಾಸ್ತಿ ಬರುತ್ತದೆ. "ನೋಡಿ, ಮಾತ್ರೆ ಇಲ್ಲದೆ ನನಗೆ ಆಗಲ್ಲ" ಅಂತ ಮತ್ತೆ ಶುರು. ನಿಧಾನಕ್ಕೆ ಇಳಿಸಬೇಕು, ಡಾಕ್ಟರ್ ಕೇಳಿ. ರಕ್ತಸ್ರಾವದ ಅಲ್ಸರ್ ಆಗಿದ್ದವರು, ಅನ್ನನಾಳ ತೀರಾ ಕೆಟ್ಟಿರುವವರು ಬಿಡಲೇಬಾರದು. ಬಹಳ ವರ್ಷ ತಗೊಂಡರೆ ಬಿ12, ಮೆಗ್ನೀಸಿಯಮ್ ಇಳಿಯಬಹುದು, ಪರೀಕ್ಷೆ ಮಾಡಿಸಿ.

ಇನ್ನೊಂದು: ಇದನ್ನು ಊಟ ಆದಮೇಲೆ ನುಂಗಿ, ಕೆಲಸ ಮಾಡ್ತಿಲ್ಲ ಅನ್ನುವವರು ಬಹಳ. ಊಟಕ್ಕೆ 30–60 ನಿಮಿಷ ಮೊದಲು ತಗೊಳ್ಳಬೇಕು. ಬರೀ ಹೊತ್ತು ಬದಲಿಸಿ ಉರಿ ಕಡಿಮೆಯಾದವರಿದ್ದಾರೆ.

ಶುಂಠಿ, ಅಲೋವೆರಾ, ಅರಿಶಿನ... ನ್ಯಾಚುರಲ್ ಅಲ್ವಾ, ಏನೂ ಆಗಲ್ಲ ಅಲ್ವಾ?

ಶುಂಠಿ ವಾಕರಿಕೆಗೆ ಒಳ್ಳೆಯದು, ದಿನಕ್ಕೆ 1 ಗ್ರಾಂ ಒಣಪುಡಿಯಷ್ಟು ಸಾಕು, ಜಾಸ್ತಿ ಆದರೆ ಅದೇ ಎದೆಯುರಿ. ಅಲೋವೆರಾ ಎಲೆಯ ಸಿಪ್ಪೆಯ ಕೆಳಗಿನ ಹಳದಿ ರಸ ತೀಕ್ಷ್ಣವಾದ ಭೇದಿ ಔಷಧಿ. 2002ರಲ್ಲಿ ಅಮೆರಿಕದ ಔಷಧ ಇಲಾಖೆ ಚೀಟಿ ಇಲ್ಲದೆ ಮಾರುವ ಭೇದಿ ಔಷಧಿಗಳಿಂದ ಅದನ್ನು ತೆಗೆಸಿತು. ಅತಿಮಧುರ ದಿನಾ ತಗೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಮ್ ಇಳಿಯುತ್ತದೆ. ಅಡುಗೆಯ ಅರಿಶಿನ ಸರಿ, ಆದರೆ ಕಾಳುಮೆಣಸಿನ ಸತ್ವ ಸೇರಿಸಿದ ಅರಿಶಿನದ ಗಾಢ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ವರದಿಗಳಿವೆ. ಆ್ಯಪಲ್ ಸೈಡರ್ ವಿನೆಗರ್ ಹಲ್ಲಿನ ಎನಾಮೆಲ್ ತಿನ್ನುತ್ತದೆ, ಅಜೀರ್ಣಕ್ಕೆ ಒಳ್ಳೆಯದು ಅನ್ನೋಕೆ ಗಟ್ಟಿ ಆಧಾರ ನಾನು ಎಲ್ಲೂ ನೋಡಿಲ್ಲ. ಇದ್ದಿಲು ಮಾತ್ರೆ ಗ್ಯಾಸ್ ಹೀರುತ್ತೋ ಇಲ್ಲವೋ, ನೀವು ತಗೊಂಡ ಬಿಪಿ ಮಾತ್ರೆಯನ್ನಂತೂ ಹೀರಬಹುದು.

ನಾನು ತಗೊಳ್ಳುವ ಬೇರೆ ಮಾತ್ರೆಗಳೇ ಕಾರಣ ಇರಬಹುದಾ?

ಖಂಡಿತ ಇರಬಹುದು, ಇದನ್ನು ಯಾರೂ ಮೊದಲು ನೋಡಲ್ಲ. ಕಬ್ಬಿಣದ ಮಾತ್ರೆ ಮಲಬದ್ಧತೆ ತರುತ್ತದೆ, ಮಲ ಕಪ್ಪು ಮಾಡುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಭೇದಿ ತರುತ್ತದೆ. ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ಜಠರ ಕೆಡಿಸುತ್ತದೆ. ಕ್ಯಾಲ್ಸಿಯಂ ಇರುವ ಆ್ಯಂಟಾಸಿಡ್ ಬಿಗಿ ಮಾಡುತ್ತದೆ, ಮೆಗ್ನೀಸಿಯಮ್ ಇರುವುದು ಸಡಿಲ ಮಾಡುತ್ತದೆ. ಥೈರಾಯ್ಡ್ ಮಾತ್ರೆಗೂ ಆ್ಯಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬೇಕು. ಕಿಡ್ನಿ ತೊಂದರೆ ಇರುವವರು ಮೆಗ್ನೀಸಿಯಮ್ ಮುಟ್ಟಬೇಡಿ.

ಮಲಬದ್ಧತೆಗೆ ಇಸಬ್ಗೋಲ್ ಬಿಟ್ಟು ಬೇರೆ?

ದಿನಕ್ಕೆ ಎರಡು ಹಸಿರು ಕಿವಿ ಹಣ್ಣು, ಪ್ರಯೋಗಗಳಲ್ಲಿ ಚೆನ್ನಾಗಿ ನಿಂತಿದೆ. ಬೆಳಿಗ್ಗೆ ತಿಂಡಿ ಆದಮೇಲೆ ಕರುಳು ತಾನಾಗೇ ಚುರುಕಾಗುತ್ತದೆ, ಆ ಹದಿನೈದು ನಿಮಿಷ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಕಮೋಡ್ ಆದರೆ ಕಾಲ ಕೆಳಗೆ ಸಣ್ಣ ಸ್ಟೂಲ್. ಇಷ್ಟಕ್ಕೂ ಆಗದಿದ್ದರೆ ಕರುಳಿನಲ್ಲಿ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುವ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ ಇದೆ, ಕೇಳಿ ತಗೊಳ್ಳಿ.

ನನಗೆ ಒಂದು ಪುಡಿಯಿಂದ ಗುಣ ಆಯಿತು. ಅದು ಬರೀ ಮನಸ್ಸಿನ ಭ್ರಮೆನಾ?

ಭ್ರಮೆ ಅನ್ನೋ ಪದ ಬೇಡ. 2010ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚುಕ್ ಮತ್ತು ಜೊತೆಯವರು ಐಬಿಎಸ್ ಇರುವ 80 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ಜನಕ್ಕೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು, ಅದರಲ್ಲಿ ಏನೂ ಇಲ್ಲ ಅಂತ ಬಾಯಿಬಿಟ್ಟು ಹೇಳಿಯೇ ಕೊಟ್ಟರು. ಮೂರು ವಾರದ ಕೊನೆಗೆ ಅವರಲ್ಲಿ 59% ಜನ ಸಾಕಷ್ಟು ಆರಾಮ ಅಂದರು, ಮಾತ್ರೆ ಇಲ್ಲದವರಲ್ಲಿ 35%. ಅಂದರೆ ಹೊಟ್ಟೆಯ ತೊಂದರೆಯಲ್ಲಿ ಏನು ತಗೊಂಡರೂ ಸುಮಾರು ಜನಕ್ಕೆ ಕೆಲವು ವಾರ ಗುಣ ಕಾಣುತ್ತದೆ. ಆರಾಮ ನಿಜ, ಕಾರಣ ಮಾತ್ರ ಡಬ್ಬಿಯೊಳಗೆ ಇಲ್ಲದೆ ಇರಬಹುದು.

ಅದಕ್ಕೇ ಒಂದು ಸಲಕ್ಕೆ ಒಂದೇ ಡಬ್ಬಿ. ಶುರು ಮಾಡಿದ ದಿನವೇ ನಿಲ್ಲಿಸುವ ದಿನಾಂಕವನ್ನೂ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆಯಿರಿ, ನಾಲ್ಕು ವಾರ ಸಾಕು. ಆ ದಿನ ಬಂದಾಗ ಗುಣ ಆಗಿದ್ದರೂ ನಿಲ್ಲಿಸಿ. ಡಾಕ್ಟರ್ ಬರೆದ ಔಷಧಿ ಅಲ್ಲ, ನೀವಾಗೇ ತಂದದ್ದು ಮಾತ್ರ. ಎರಡು ವಾರದಲ್ಲಿ ತೊಂದರೆ ವಾಪಸ್ ಬಂತಾ? ಮತ್ತೆ ಶುರು ಮಾಡಿದರೆ ಹೋಯಿತಾ? ಆಗ ಅದು ನಿಮ್ಮ ಡಬ್ಬಿ. ವಾಪಸ್ ಬರಲೇ ಇಲ್ಲ ಅಂದರೆ ಇನ್ನೊಂದು ಡಬ್ಬಿ ತರುವ ಖರ್ಚು ಉಳಿಯಿತು.

ಎಲ್ಲಾ ಟೆನ್ಷನ್ನಿಂದ ಅಂತಾರೆ. ಕೋಪ ಬರುತ್ತೆ.

ನನಗೂ ಬರುತ್ತಿತ್ತು, ಗಮ್ ಕಥೆ ಹೇಳಿದೆನಲ್ಲ. ಆದರೂ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆ, ಅವು ಮೆದುಳಿನ ಜೊತೆ ಸದಾ ಮಾತಾಡುತ್ತಿರುತ್ತವೆ. ಕರುಳಿಗೆಂದೇ ಮಾಡಿದ ಹಿಪ್ನೋಥೆರಪಿ, ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಐಬಿಎಸ್‌ನಲ್ಲಿ ಕೆಲಸ ಮಾಡುತ್ತವೆ ಅನ್ನೋದಕ್ಕೆ ಆಧಾರ ಇದೆ. ಯಾರಾದರೂ ಇದನ್ನು ಹೇಳಿದರೆ ನಿಮಗೆ ಹುಚ್ಚು ಅಂತ ಅರ್ಥ ಅಲ್ಲ.

ಮಕ್ಕಳಿಗೆ, ಗರ್ಭಿಣಿಯರಿಗೆ ಇದೇ ಕೊಡಬಹುದಾ?

ಬೇಡ. ಡೋಸ್ ಬೇರೆ, ಅಪಾಯ ಬೇರೆ. ಅವರ ಡಾಕ್ಟರ್ ಕೇಳಿ.

ಈಗ ನೀವು ಏನು ತಗೊಳ್ತೀರಿ?

ರಾತ್ರಿ ಇಸಬ್ಗೋಲ್. ಪುದೀನ ಕ್ಯಾಪ್ಸೂಲ್ ಒಂದು ಸ್ಟ್ರಿಪ್ ಬ್ಯಾಗಿನಲ್ಲಿರುತ್ತದೆ, ತಿಂಗಳಿಗೆ ಎರಡು ಮೂರು ಸಲ ಬೇಕಾಗುತ್ತದೆ. ಹಾಲು ಅರ್ಧ ಲೋಟ ದಾಟಿಸಲ್ಲ. ಹಸಿರು ಪುಡಿಯ ಡಬ್ಬಿ ತೊಳೆದು ಅದರಲ್ಲಿ ಪೆನ್ನು ಇಟ್ಟುಕೊಂಡಿದ್ದೇನೆ, ಮುಚ್ಚಳ ಚೆನ್ನಾಗಿದೆ.